ರಟ್ಟೆಪಟ್ಟಿ ನೋಡಲು ಗಡ್ಡೆ ಸಕ್ಕರೆಯ ದೇಶಕ್ಕೆ

ಶೇಡಬಾಳ ಸ್ಟೇಷನ್

ನೆದರ್ಲೆಂಡ್ಸಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆ ಜನ ಮೊದಲು ಕೇಳುವುದು, ಅಲ್ಲಿ ಊಟಕ್ಕೆ ಏನು ಮಾಡಿದಿ ಎಂದು. ಆಮೇಲೆ ಕೇಳುವುದು, ನಿನ್ನನ್ನು ಯಾಕೆ ಕಳಿಸಿದರು ಎಂದು. ಎರಡಕ್ಕೂ ಉತ್ತರ ಒಂದೇ ಕಡೆ ಇರುವುದರಿಂದ ಕೂತು ಬರೆಯುತ್ತಿದ್ದೇನೆ.

ನಾನು ಕಾಗವಾಡ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಕಾರ್ಮಿಕ ಸಂಘದ ಪದಾಧಿಕಾರಿಯೂ ಹೌದು; ಬೇರೆ ಯಾರೂ ನಿಲ್ಲದಿದ್ದರಿಂದ ಭಾರಿ ಬಹುಮತದಿಂದ ಆರಿಸಿ ಬಂದವನು. ಕಳೆದ ಹಂಗಾಮಿನಲ್ಲಿ ನಮ್ಮಲ್ಲಿ ಕಬ್ಬಿನ ರಸ ಕುದಿಸುವ ಮಹಡಿಯ ಮೇಲೆ ಒಬ್ಬಾತ ಸೆಕೆಗೆ ಬೇಶುದ್ಧನಾಗಿ ಬಿದ್ದ. ಪಾಳಿ ಬದಲಾಗುವವರೆಗೆ ಯಾರೂ ನೋಡಲಿಲ್ಲ. ಆತ ಬದುಕಿಕೊಂಡ, ಆದರೆ ನಮ್ಮ ಸುರಕ್ಷತಾ ಅಧಿಕಾರಿ ಶಿಂಧೆ ಸಾಹೇಬರಿಗೆ ಅಂದಿನಿಂದ ನಿದ್ದೆ ಬರಲಿಲ್ಲ. ಅವರು ನಿಪ್ಪಾಣಿಯವರು. ಮನೆಯಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಮಾತಾಡುತ್ತಾರೆ.

ಅವರು ಎಲ್ಲಿಂದಲೋ ಹುಡುಕಿ ತೆಗೆದದ್ದು ಈ ರಟ್ಟೆಪಟ್ಟಿಯನ್ನು. ಕೆಲಸಗಾರರು ಅದನ್ನು ರಟ್ಟೆಗೆ ಕಟ್ಟಿಕೊಳ್ಳಬೇಕು. ಎದೆಬಡಿತ, ಮೈಯ ಕಾವು, ಬೆವರು ಎಲ್ಲವನ್ನೂ ಅದು ಅಳೆದು ಆಫೀಸಿನ ಸ್ಕ್ರೀನಿಗೆ ಕಳಿಸುತ್ತದೆ. ಮನುಷ್ಯ ಬಿದ್ದರೆ ಬಿದ್ದ ಎಂದೂ ಹೇಳುತ್ತದೆ. ಮಾರುವವರು ನೆದರ್ಲೆಂಡ್ಸಿನವರು. ತಮ್ಮ ದೇಶದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಇದು ಬಳಕೆಯಲ್ಲಿದೆ, ಬಂದು ನೋಡಿ ಎಂದು ಕರೆದರು. ನಾಳೆ ಕಾರ್ಮಿಕರು ನಮ್ಮನ್ನು ಕೇಳಲೇ ಇಲ್ಲ ಎನ್ನಬಾರದೆಂದು ಮ್ಯಾನೇಜ್‌ಮೆಂಟಿನವರು ಶಿಂಧೆ ಸಾಹೇಬರ ಜೊತೆಗೆ ನನ್ನನ್ನೂ ಹೊರಡಿಸಿದರು. ಸಂಘ ಹೂಂ ಅಂದರೆ ಈ ಹಂಗಾಮಿನಲ್ಲೇ ಎಲ್ಲರ ರಟ್ಟೆಗೂ ಪಟ್ಟಿ.

ಸ್ಟೇಷನ್ನಿಗೆ ನನ್ನನ್ನು ಬೈಕಿನಲ್ಲಿ ಬಿಟ್ಟವನು ದಸ್ತಗೀರ. ಬಾಯ್ಲರಿನ ಮೇಲೆ ಕೆಲಸ ಮಾಡುತ್ತಾನೆ, ನನ್ನ ಹಳೆಯ ದೋಸ್ತ. ಬೇಸಿಗೆಯಲ್ಲಿ ತಂಗಿಯ ಮಗನ ಮದುವೆ ಎಂದು ರಜೆ ಹಾಕಿ, ಮಿರಜದ ಆಸ್ಪತ್ರೆಯಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದ. ಇದು ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ನನಗೆ.

"ಆ ಪಟ್ಟಿ ಎದಿ ಬಡಿತ ಎಣಸ್ತೈತಂತಲ್ಲ?" ಎಂದ, ಬೈಕು ನಿಲ್ಲಿಸಿ.

"ಹೌದು."

"ಎಣಿಸಿ ಸಾಹೇಬಗ ಹೇಳ್ತೈತಿ?"

"ಹಂಗಂತಾರ."

"ಹಂಗಾದ್ರ ನನ್ನ ಬಾಯ್ಲರ್ ಮ್ಯಾಲಿಂದ ಇಳಸ್ತಾರ. ಇಳಿಸಿ ಸೀದಾ ಮನಿಗಿ ಕಳಸ್ತಾರ. ಸಣ್ಣ ಮಗಳದು ನರ್ಸಿಂಗ್ ಇನ್ನೂ ಮುಗದಿಲ್ಲ. ನೀ ಬ್ಯಾಡ ಅಂದು ಬಾ."

"ಅಲ್ಲೋ, ಮ್ಯಾಲೆ ನಿಂತಾಗ ಏನರ ಆತಂದ್ರ?"

"ಆಗಾಂಗಿಲ್ಲ," ಎಂದ. ಇದು ಅವನ ವೈದ್ಯಕೀಯ ಅಭಿಪ್ರಾಯ.

ರೈಲು ಬಂತು. ನನಗೆ ಅವನ ನೌಕರಿಯೂ ಬೇಕಾಗಿತ್ತು, ಅವನ ಜೀವವೂ ಬೇಕಾಗಿತ್ತು. ಪಟ್ಟಿ ಬಂದರೆ ಒಂದು ಹೋಗುತ್ತದೆ, ಬರದಿದ್ದರೆ ಇನ್ನೊಂದು ಎಂದು ಮಿರಜದವರೆಗೂ ಯೋಚಿಸಿದೆ. ಮುಂದೆ ಮುಂಬೈವರೆಗೂ ಅದನ್ನೇ ಯೋಚಿಸಿದೆ.

ಆಮ್‌ಸ್ಟರ್‌ಡ್ಯಾಂ

ವಿಮಾನ ನಿಲ್ದಾಣದಲ್ಲಿ ನನ್ನ ಚೀಲದೊಳಗಿನ ಶೇಂಗಾ ಚಟ್ನಿಯನ್ನು ಇಬ್ಬರು ಅಧಿಕಾರಿಗಳು ಬಹಳ ಗೌರವದಿಂದ ಪರೀಕ್ಷಿಸಿದರು. ಒಬ್ಬಾತ ಮೂಸಿ ನೋಡಿ ಸೀನಿದ. ಆಮೇಲೆ ಅವರು ಏನೂ ಕೇಳದೆ ಚೀಲ ಕಟ್ಟಿಕೊಟ್ಟರು. ಕಟಕ ರೊಟ್ಟಿಯನ್ನು ಮಾತ್ರ ಬೆಳಕಿಗೆ ಹಿಡಿದು ನೋಡಿ ತಮ್ಮೊಳಗೆ ಮಾತಾಡಿಕೊಂಡರು.

ನಮ್ಮ ಮನೆತನ ಜೈನರದು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಗೆಣಸು, ಉಳ್ಳಾಗಡ್ಡಿ, ಬಳ್ಳೊಳ್ಳಿ ನಾನು ಮುಟ್ಟುವುದಿಲ್ಲ. ಶೇಂಗಾ ನೆಲದೊಳಗೆ ಬೆಳೆದರೂ ಕಾಳು, ಗಡ್ಡೆಯಲ್ಲ; ಅದು ನಡೆಯುತ್ತದೆ. ಶೇಡಬಾಳಕ್ಕೆ ಬಂದಿದ್ದ ಮುನಿಗಳ ಮುಂದೆ ನಿಂತು ವ್ರತ ತೆಗೆದುಕೊಂಡವನು. ಹೆಂಡತಿ ಸುಮನ್ ಅದಕ್ಕೆ ಬೇಕಾದ ಬುತ್ತಿಯನ್ನೆಲ್ಲ ಕಟ್ಟಿದ್ದಳು. ಅವಳ ಲೆಕ್ಕದಲ್ಲಿ ತಪ್ಪಿದ್ದು ಸೂರ್ಯ ಮಾತ್ರ. ಆ ದೇಶದಲ್ಲಿ ಮೋಡ ಎಷ್ಟು ಕೆಳಗೆ ಇಳಿದಿತ್ತೆಂದರೆ ಸೂರ್ಯ ಮುಳುಗಿದನೇ ಎಂದು ನೋಡಲು ಅವನು ಹುಟ್ಟಿದ ಸುಳಿವೇ ಇರಲಿಲ್ಲ. ಅನುಮಾನಕ್ಕೆ ಎಡೆ ಬೇಡವೆಂದು ಮಧ್ಯಾಹ್ನ ಚಹಾದ ಹೊತ್ತಿಗೇ ರಾತ್ರಿಯ ಊಟ ಮುಗಿಸಿದೆ. ಆಮೇಲೆ ಹೋಟೆಲಿನವರು ಊಟಕ್ಕೆ ಕರೆದಾಗ ಶಿಂಧೆ ಸಾಹೇಬರು ಎರಡು ತಟ್ಟೆ ತಿಂದು ನನ್ನ ಪಾಲಿನ ಮರ್ಯಾದೆಯನ್ನೂ ಉಳಿಸಿದರು.

ಅವರದ್ದರಲ್ಲಿ ನಾನು ಮುಟ್ಟಿದ್ದು ಚಹಾ ಒಂದನ್ನೇ. ಅವರ ಚಹಾದಲ್ಲಿ ಹಾಲೂ ಇಲ್ಲ, ಜೀವವೂ ಇಲ್ಲ. ಅದಕ್ಕೇ ಸಕ್ಕರೆ ಧಾರಾಳವಾಗಿ ಹಾಕಿಕೊಂಡೆ.

ಕಿಟಕಿಗಳ ಊರು

ಕಾರ್ಖಾನೆ ಇದ್ದದ್ದು ಆ ದೇಶದ ಬಡಗಣ ಭಾಗದಲ್ಲಿ. ನಮ್ಮನ್ನು ಒಂದು ಸಣ್ಣ ಊರಿನಲ್ಲಿ ಇಳಿಸಿದರು. ಸಂಜೆ ಸಾಹೇಬರೂ ನಾನೂ ತಿರುಗಾಡಲು ಹೊರಟೆವು. ಓಣಿಯ ಎರಡೂ ಕಡೆ ಮನೆಗಳು. ಪ್ರತಿ ಮನೆಗೂ ಬಾಗಿಲಿಗಿಂತ ದೊಡ್ಡ ಕಿಟಕಿ, ಯಾವ ಕಿಟಕಿಗೂ ಪಡದೆ ಇಲ್ಲ. ಒಳಗೆ ದೀಪ. ಒಬ್ಬ ಮುದುಕ ಸೂಪು ಕುಡಿಯುತ್ತಿದ್ದ. ಪಕ್ಕದ ಮನೆಯಲ್ಲಿ ಒಬ್ಬಾಕೆ ಕಾಲು ಚಾಚಿ ಟಿವಿ ನೋಡುತ್ತಿದ್ದಳು. ಅದರಾಚೆ ಗಂಡ ಹೆಂಡತಿ ಜಗಳಾಡುತ್ತಿದ್ದರು, ಬಹಳ ಸಮಾಧಾನದಿಂದ.

ನಾವು ನಿಂತು ನೋಡಿದೆವು. ನಮ್ಮೂರಿನಲ್ಲಿ ಜಗಳ ನಡೆದಾಗ ನಿಲ್ಲದೆ ಹೋದರೆ ಅದು ಆ ಮನೆಯವರಿಗೆ ಅವಮಾನ.

"ಬಘಾ ಚೌಗಲೆ," ಎಂದು ಸಾಹೇಬರು ಮರಾಠಿಯಲ್ಲಿ ನನ್ನನ್ನು ನೋಡಲು ಕರೆದರು, "ಇವರು ಏನೂ ಮುಚ್ಚಿಡಾಂಗಿಲ್ರಿ. ಅದಕ್ಕ ಈ ಪಟ್ಟಿ ಇಲ್ಲೇ ಹುಟ್ಟೇತಿ. ನಾವು ಒಂದು ಬಿ.ಪಿ. ಗುಳಗಿ ನುಂಗಾಕೂ ಅಡಗಿಮನಿಗಿ ಹೋಗ್ತೇವಿ."

ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ನಮ್ಮ ಮುಂದೆ ನಿಂತು, ಏನಾದರೂ ಕಳೆದುಕೊಂಡಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ಸುಮ್ಮನೆ ನೋಡುತ್ತಿದ್ದೇವೆ ಎಂದು ಸಾಹೇಬರು ಪ್ರಾಮಾಣಿಕವಾಗಿ ಹೇಳಿದರು. ಅವಳ ಮುಖ ಬಿಗಿಯಾಯಿತು. ಕಿಟಕಿ ತೆರೆದಿಡುವುದು ಅವರ ಪದ್ಧತಿ, ಒಳಗೆ ನೋಡದಿರುವುದು ದಾರಿಹೋಕರ ಪದ್ಧತಿ ಎಂದು ಬಿಡಿಸಿ ಹೇಳಿ ಹೋದಳು. ಆಮೇಲೆ ನಾವಿಬ್ಬರೂ ರಸ್ತೆ ನೋಡುತ್ತ ಹೋಟೆಲಿಗೆ ಬಂದೆವು. ರಸ್ತೆ ಸ್ವಚ್ಛವಾಗಿತ್ತು.

ಕಾರ್ಖಾನೆಯ ಅಂಗಳ

ನಮ್ಮ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ನಿಲ್ಲುವ ಹಾಗೆ ಇಲ್ಲಿ ಲಾರಿಗಳು ನಿಂತಿದ್ದವು. ಹಾಡು ಹಚ್ಚಿರಲಿಲ್ಲ, ಹಾರ್ನು ಇರಲಿಲ್ಲ. ಲಾರಿಯ ಹಿಂಬದಿ ಏರಿತು, ಮಣ್ಣು ಮೆತ್ತಿದ ಬಿಳಿ ಗಡ್ಡೆಗಳು ದಡದಡನೆ ಉರುಳಿದವು. ಅಂಥ ಗಡ್ಡೆಗಳ ರಾಶಿ ನಮ್ಮ ಗೋದಾಮಿನಷ್ಟು ಎತ್ತರ ಬಿದ್ದಿತ್ತು.

ಸಕ್ಕರೆಬೀಟ್ ಎಂಬ ಈ ಗಡ್ಡೆಯಿಂದ ಸಕ್ಕರೆ ಮಾಡುತ್ತಾರೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಸಕ್ಕರೆ ಕಾರ್ಖಾನೆಯಲ್ಲೇ ಕೂದಲು ಹಣ್ಣಾದವನು ನಾನು. ಆದರೆ ಅದು ಕಸಬಿನ ತಿಳಿವಳಿಕೆಯಾಗಿ ತಲೆಯಲ್ಲಿತ್ತು. ಆ ರಾಶಿಯ ಮುಂದೆ ನಿಂತಾಗಲೇ ಅದು ನಾಲಿಗೆಗೆ ಬಂತು. ಇದು ಗಡ್ಡೆ, ನೆಲದೊಳಗೆ ಬೆಳೆದದ್ದು. ಈ ದೇಶದ ಸಕ್ಕರೆಯೆಲ್ಲ ಇದರದ್ದೇ. ಬಂದಾಗಿನಿಂದ ಕುಡಿದ ಪ್ರತಿ ಚಹಾದಲ್ಲೂ ನಾನು ಕಂದಮೂಲ ಕಲಸಿಕೊಂಡು ಕುಡಿದಿದ್ದೆ. ಅದೂ ಧಾರಾಳವಾಗಿ.

ಮೂಲೆಗೆ ಹೋಗಿ ಸುಮನ್‌ಗೆ ಫೋನು ಹಚ್ಚಿದೆ. ಆದದ್ದನ್ನೆಲ್ಲ ಹೇಳಿದೆ.

"ಸಕ್ರಿ ಫ್ಯಾಕ್ಟ್ರ್ಯಾಗ ಇದ್ದು ಇಷ್ಟ ಗೊತ್ತಾಗ್ಲಿಲ್ಲೇನ್ರಿ?"

"ಗೊತ್ತಿತ್ತು, ಹೊಳೀಲಿಲ್ಲ."

"ಆತು ಬಿಡ್ರಿ. ನಾಳೆ ಒಂದಿನ ನಿರ್ಜಲ ಉಪಾಸ ಮಾಡ್ರಿ. ಬಂದ ಮ್ಯಾಲೆ ಮುನಿಗಳ ಮುಂದ ಹೇಳಿದ್ರಾತು. ಅಲ್ಲಿ ಯಾರ ಮುಂದೂ ಹೇಳಾಕ ಹೋಗಬ್ಯಾಡ್ರಿ. ಹೇಳಿಕೊಂಡು ಮಾಡಿದ ಉಪಾಸ ಉಪಾಸಲ್ಲ."

ಹೂಂ ಅಂದೆ. ಮರುದಿನ ಪಟ್ಟಿಯ ಪ್ರಾತ್ಯಕ್ಷಿಕೆ ಇದೆ ಎಂಬುದು ನನಗೆ ಆಗಲೂ ಹೊಳೆಯಲಿಲ್ಲ.

ಸ್ಕ್ರೀನು

ಮರುದಿನ ಪಟ್ಟಿ ಮಾರುವ ಕಂಪನಿಯ ಮಾರ್ಕ್ ಎಂಬ ಎತ್ತರದ ತರುಣ ನಮ್ಮಿಬ್ಬರ ರಟ್ಟೆಗೂ ಪಟ್ಟಿ ಕಟ್ಟಿದ. ಪಟ್ಟಿ ಹಗುರವಾಗಿತ್ತು, ತಾಯಿತ ಕಟ್ಟಿದ ಹಾಗೆ. ಇಡೀ ಕಾರ್ಖಾನೆಯನ್ನು ಹತ್ತಿಸಿ ಇಳಿಸಿ ತೋರಿಸಿದರು. ರಸ ಕುದಿಸುವ ಮಹಡಿಯ ಸೆಕೆ ನಮ್ಮದರ ಖಾಸಾ ತಮ್ಮ. ನನ್ನ ಬಾಯಿ ಒಣಗಿತ್ತು. ಯಾರೋ ನೀರು ಕೊಟ್ಟರು, ಕೈ ಮುಗಿದು ವಾಪಸು ಕೊಟ್ಟೆ.

ಕೊನೆಗೆ ಒಂದು ಕೋಣೆಯಲ್ಲಿ ಕೂಡಿಸಿದರು. ಅಲ್ಲಿಯ ಕೆಲಸಗಾರರೂ ಕೆಲವರು ಬಂದಿದ್ದರು. ಅವರಲ್ಲಿ ಮರೈಕೆ ಎಂಬ ಹೆಂಗಸು ಕಾರ್ಮಿಕರ ಪ್ರತಿನಿಧಿ. ಕತ್ತರಿಸಿದ ತಲೆಗೂದಲು, ತೋಳಿಗೆ ಗ್ರೀಸು. ನನಗೆ ನಮ್ಮವಳೇ ಅನ್ನಿಸಿತು. ಮಾರ್ಕ್ ಗೋಡೆಯ ದೊಡ್ಡ ಸ್ಕ್ರೀನು ಹಚ್ಚಿದ. ಮೇಲೆ ಶಿಂಧೆಯವರ ಹೆಸರು, ಮುಂದೆ ಹಸಿರು. ಕೆಳಗೆ ಬಾಹುಬಲಿ ಚೌಗಲೆ ಎಂದು ನನ್ನ ಹೆಸರು, ಮುಂದೆ ಹಳದಿ. ಎಲ್ಲರೂ ನೋಡುತ್ತಿದ್ದಂತೆಯೇ ಅದು ಕೆಂಪಾಯಿತು.

ಮಾರ್ಕ್‌ನ ಮುಖ ಅರಳಿತು. ಯಂತ್ರ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅವನಿಗೆ ಇದಕ್ಕಿಂತ ಒಳ್ಳೆಯ ಮನುಷ್ಯ ಸಿಗುತ್ತಿರಲಿಲ್ಲ. ಅವನು ಕೇಳಿದ್ದನ್ನು ಸಾಹೇಬರು ನನಗೆ ಕನ್ನಡದಲ್ಲಿ ಮುಟ್ಟಿಸಿದರು.

"ಮೈಯಾಗ ನೀರ ಇಲ್ಲಂತ ತೋರಸಾಕತ್ತೇತಂತ. ಮುಂಜಾನಿಯಿಂದ ನೀರ ಯಾಕ ಕುಡದಿಲ್ಲಂತ ಕೇಳಾಕತ್ತಾನ. ಕಾಯ್ ಝಾಲಂ ಚೌಗಲೆ? ಆರಾಮಿಲ್ಲೇನು?"

"ಆರಾಮ ಅದೀನ್ರಿ."

"ಮತ್ತ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳಿದರೆ ಅದಕ್ಕೆ ಇನ್ನೊಂದು ಉಪವಾಸ. "ಉಪಾಸ ಐತ್ರಿ," ಎಂದೆ.

"ಉಪಾಸ? ಇವತ್ತ ಅಷ್ಟಮಿ ಅಲ್ಲ, ಚತುರ್ದಶಿ ಅಲ್ಲ. ಯಾಕ್ರಿ ಉಪಾಸ?"

ಹೇಳಬೇಕಾಯಿತು. ಅವರ ಸಕ್ಕರೆ ತಿಂದದ್ದಕ್ಕೆ ಎಂದು ಹೇಳಿದೆ. ಸಾಹೇಬರು ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಂಡರು. ಜೀವನವಿಡೀ ಸಕ್ಕರೆ ಮಾಡಿದ ಜನರ ಎದುರು ಕೂತು, ನಿಮ್ಮ ಸಕ್ಕರೆ ತಿಂದ ಪಾಪಕ್ಕೆ ಪ್ರಾಯಶ್ಚಿತ್ತ ಮಾಡುತ್ತಿದ್ದೇನೆ ಎನ್ನುವುದು ಯಾವ ದೇಶದಲ್ಲೂ ಅತಿಥಿಗೆ ಒಪ್ಪುವ ಮಾತಲ್ಲ. ಹಿಂದೆ ಕೂತಿದ್ದ ಒಬ್ಬ ಮುದುಕ ಕೈಯಲ್ಲಿದ್ದ ಕಾಫಿಯನ್ನು ನಿಧಾನವಾಗಿ ಕೆಳಗಿಟ್ಟ.

ನನಗೆ ಬಹಳ ನಾಚಿಕೆಯಾಯಿತು. ಸಿಟ್ಟೂ ಬಂತು. ನನ್ನ ವ್ರತ ನನ್ನದು. ಅದು ಆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಯಾಕೆ ಬರಬೇಕಿತ್ತು? ಬಾಯ್ಲರ್ ಮಹಡಿಯ ದಸ್ತಗೀರನ ಹೆಸರು ಹೀಗೇ ಕೆಂಪಾಗಿ, ಸಾಹೇಬರು ಹೀಗೇ "ಯಾಕ್ರಿ?" ಎಂದು ಕೇಳುವುದು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಮರೈಕೆ ಎದ್ದಳು. ನೆಟ್ಟಗೆ ಹೋಗಿ ಗೋಡೆಯ ಸ್ಕ್ರೀನು ಆರಿಸಿದಳು. ಆಮೇಲೆ ಮಾರ್ಕ್‌ನ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಮಾತಾಡಿದಳು. ಭಾಷೆ ತಿಳಿಯಲಿಲ್ಲ, ಬೈಗುಳವೆಂದು ತಿಳಿಯಿತು. ಬೈದು ಮುಗಿಸಿ ನಮಗಾಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸಾಹೇಬರು ಬಹಳ ನಿಧಾನವಾಗಿ ಕನ್ನಡಕ್ಕೆ ತಂದರು.

"ಈ ಹೆಸರಿನ ಸ್ಕ್ರೀನ್ ಇವರ ಕಾರ್ಖಾನ್ಯಾಗ ಇಲ್ಲಂತ್ರಿ. ಇಕಿ ಇವತ್ತ ಮೊದಲನೇ ಸಲ ನೋಡಿದ್ಲಂತ. ಇಲ್ಲಿ ಮೈಗೆ ಏನರ ಹೆಚ್ಚುಕಡಿಮಿ ಆದ್ರ ಪಟ್ಟಿ ನಡುಗಿ ಕಟ್ಟಿಕೊಂಡಾವನ ರಟ್ಟಿ ಅಷ್ಟ ಅಲ್ಲಾಡಸ್ತೈತಂತ. ಅವ ಹೋಗಿ ಕುಂದರ್ತಾನ, ಯಾಕ ಕುಂತಿ ಅಂತ ಯಾರೂ ಕೇಳಂಗಿಲ್ಲಂತ."

"ಹಂಗಾದ್ರ ಈ ಸ್ಕ್ರೀನ್ ಯಾರಿಗ್ರಿ?"

ಸಾಹೇಬರು ಮಾರ್ಕ್‌ನನ್ನು ಕೇಳಿದರು. ಮಾರ್ಕ್ ಕೆಂಪಗಾಗಿ ಏನೋ ಹೇಳಿದ.

"ಹೊರದೇಶದ ಗಿರಾಕಿಗೋಳಿಗೆ ಅಂತ," ಎಂದರು ಸಾಹೇಬರು. ನನ್ನ ಕಡೆ ತಿರುಗಿ, "ಅಂದ್ರ ನಮಗ," ಎಂದರು.

ಕ್ಯಾಂಟೀನು

ಊಟದ ಹೊತ್ತಿಗೆ ಸಾಹೇಬರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು. ಉಪವಾಸದವನಿಗೆ ಕ್ಯಾಂಟೀನಿನಲ್ಲಿ ಕೆಲಸವಿಲ್ಲ. ಮರೈಕೆ ನನ್ನ ಎದುರು ಬಂದು ಕೂತಳು. ತನ್ನ ಕಾಫಿಗೆ ಸಕ್ಕರೆ ಹಾಕಲು ಹೋಗಿ ನನ್ನನ್ನು ನೋಡಿ ತಡೆದಳು. ಹಾಕಿಕೋ ಎಂದು ಕೈಸನ್ನೆ ಮಾಡಿದೆ.

ನನಗೆ ಒಂದು ಪ್ರಶ್ನೆ ಕೇಳುವುದಿತ್ತು. ಅದನ್ನು ಸಾಹೇಬರ ಬಾಯಿಂದ ಕೇಳಿಸುವಂತಿರಲಿಲ್ಲ. ನನ್ನ ಇಂಗ್ಲಿಷು ಶೇಡಬಾಳದಲ್ಲೇ ಕಡಿಮೆ. ಆದರೆ ಯೋಚಿಸಿದಾಗ ನನಗೆ ಬೇಕಾದ ಶಬ್ದಗಳನ್ನು ನಾವು ಊರಿನಲ್ಲೂ ಹಾಗೆಯೇ ಅನ್ನುತ್ತೇವೆ ಎಂದು ತಿಳಿಯಿತು.

"ಬಾಯ್ಲರ್ ಮ್ಯಾನ್," ಎಂದೆ. ಎದೆ ಮುಟ್ಟಿ ತೋರಿಸಿ, "ಹಾರ್ಟ್. ಸ್ಟೆಂಟ್. ಜಾಬ್?"

ಅವಳು ಕಾಫಿ ಕೆಳಗಿಟ್ಟು, ಮಗುವಿಗೆ ಹೇಳುವ ಹಾಗೆ ಬಿಡಿಬಿಡಿಯಾಗಿ, ಕೈಸನ್ನೆ ಸೇರಿಸಿ ನನಗೂ ತಿಳಿಯುವಂತೆ ಹೇಳಿದಳು. ಅವನಿಗೆ ಏನಾಗಿದೆ ಎಂದು ಕಾರ್ಖಾನೆಯ ಡಾಕ್ಟರಿಗೆ ಗೊತ್ತಿರುತ್ತದೆ, ಸಾಹೇಬನಿಗೆ ಗೊತ್ತಿರುವುದಿಲ್ಲ. ಡಾಕ್ಟರು ಸಾಹೇಬನಿಗೆ ಹೇಳುವುದು ಇಷ್ಟೇ: ಈ ಕೆಲಸ ಇವನು ಮಾಡಬಹುದು, ಆ ಕೆಲಸ ಬೇಡ. ಕೆಲಸ ಬದಲಾಗಬಹುದು, ನೌಕರಿ ಹೋಗುವುದಿಲ್ಲ.

ನನಗೆ ಎಷ್ಟು ಹಗುರವಾಯಿತೆಂದರೆ ಬಾಯಾರಿಕೆ ಮರೆತುಹೋಯಿತು.

ಆದರೆ ಅವಳು ಬೆರಳೆತ್ತಿ ಇನ್ನೊಂದು ಮಾತು ಹೇಳಿದಳು. ಡಾಕ್ಟರಿಗೆ ಅವನೇ ಹೋಗಿ ಹೇಳಬೇಕು. ಅವನು ಹೇಳದಿದ್ದರೆ ಪಟ್ಟಿ ಏನೂ ಮಾಡಲಾರದು.

ನಾನು ತಲೆಯಾಡಿಸಿದೆ. ಆಮೇಲೆ ಕಾದೆ. ಯಾರು ಅವನು, ನಿನಗೆ ಏನಾಗಬೇಕು, ಮಕ್ಕಳೆಷ್ಟು ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಹೇಳಬೇಕೆಂದು ಜೀವ ಒದ್ದಾಡುತ್ತಿತ್ತು. ಅವಳು ಕೇಳಲಿಲ್ಲ. ಕಾಫಿ ಮುಗಿಸಿ, ನನ್ನ ಭುಜ ತಟ್ಟಿ, ಕೆಲಸಕ್ಕೆ ಹೋದಳು. ಇಷ್ಟು ಒಳ್ಳೆಯ ಜನ ಇಷ್ಟು ಕಡಿಮೆ ಕೇಳಿದರೆ ಸಂಜೆ ಹೇಗೆ ಕಳೆಯುತ್ತಾರೋ ಎನ್ನಿಸಿತು.

ಮರಳುವ ವಿಮಾನ

ಮೋಡದ ಮೇಲೆ ಬಂದ ಕೂಡಲೇ ಸೂರ್ಯ ಸಿಕ್ಕ. ಕೊನೆಯ ರೊಟ್ಟಿ ತಿಂದೆ. ಸಾಹೇಬರು ನನ್ನ ಕಡೆ ವಾಲಿ, "ಆ ಸ್ಕ್ರೀನ್ ನನಗ ಬೇಕ್ರಿ ಚೌಗಲೆ," ಎಂದರು.

"ನನ್ನ ಉಪಾಸ ನೋಡಾಕೇನ್ರಿ?"

"ಚೇಷ್ಟೆ ಬ್ಯಾಡ್ರಿ. ಅವತ್ತ ಆ ಮನಷ್ಯಾ ಬಿದ್ದಿದ್ನಲ್ಲ, ಅವನ ಮಾರಿ ಮ್ಯಾಲೆ ನೊಣ ಕುಂತಿದ್ದು. ನಾ ನೋಡೇನಿ. ಬೇಶುದ್ಧ ಬಿದ್ದಾವನ ರಟ್ಟಿ ಅಲ್ಲಾಡಿಸಿ ಏನ್ ಮಾಡೂದು? ಅವ ಎದ್ದು ಹೇಳ್ತಾನೇನು?"

ಇಷ್ಟು ದಿನ ನಾನು ಅವರನ್ನು ಸುಮ್ಮನೆ ಮೂಗು ತೂರಿಸುವ ಮನುಷ್ಯ ಅಂದುಕೊಂಡಿದ್ದೆ. ಅವರು ಹೇಳಿದ್ದು ನಿಜವಿತ್ತು. ಮರೈಕೆ ಹೇಳಿದ್ದೂ ನಿಜವಿತ್ತು. ಮುಂಬೈ ಬರುವವರೆಗೆ ಇಬ್ಬರೂ ಚೌಕಾಸಿ ಮಾಡಿದೆವು, ಜವಾರಿ ಬದನೆಕಾಯಿ ಕೊಳ್ಳುವವರ ಹಾಗೆ. ಕೊನೆಗೆ ನಾನು ಒಂದು ಮಾತಿಗೆ ಅಂಟಿಕೊಂಡೆ.

"ಯಾವನರ ಬಿದ್ರ ಎಲ್ಲಿ ಬಿದ್ದಾನ ಅನ್ನೂದು ನಿಮ್ಮ ಸ್ಕ್ರೀನಿನ್ಯಾಗ ಬರ್ಲಿ. ಓಡಿ ಹೋಗ್ರಿ. ಹೆಸರ ಬ್ಯಾಡ, ಎದಿ ಬಡಿತ ಬ್ಯಾಡ, ಯಾಕ ಅನ್ನೂದು ಬ್ಯಾಡ. ಅದು ಕಾರ್ಖಾನಿ ಡಾಕ್ಟರಗ. ಡಾಕ್ಟರ್ ಕೆಲಸ ಬದಲು ಮಾಡಂದ್ರ ಮಾಡ್ರಿ, ನೌಕರಿ ಹೋಗಬಾರದು. ಇಷ್ಟಕ್ಕ ಒಪ್ಪಿದ್ರ ಸಂಘ ಹೂಂ ಅಂತೈತಿ."

ಅವರು ಕಿಟಕಿಯ ಹೊರಗೆ ನೋಡಿದರು. "ಎಂ.ಡಿ.ಯವರ ಮುಂದ ನಾ ಹೇಳ್ತೇನ್ರಿ," ಎಂದರು. ಊರಿಗೆ ಬಂದು ಕಾರ್ಖಾನೆಯ ಮ್ಯಾನೇಜಿಂಗ್ ಡೈರೆಕ್ಟರ್ ಮುಂದೆ ಹೇಳಿದರು ಕೂಡ. ಕನ್ನಡ ಮರಾಠಿ ಎರಡರಲ್ಲೂ ಹೇಳಿದರೆಂದು ಆಮೇಲೆ ಗೊತ್ತಾಯಿತು. ಎಂ.ಡಿ. ಸಹಿ ಹಾಕಿದರು.

ಬಾಯ್ಲರ್ ಮಹಡಿ

ದಸ್ತಗೀರನಿಗೆ ಎಲ್ಲ ಬಿಡಿಸಿ ಹೇಳಿದೆ. ಅವನು ಕೇಳಿ, "ಒಳ್ಳೇ ಪಟ್ಟಿ ತಂದೀಪಾ," ಎಂದ. "ನನಗ ಗೊತ್ತಿದ್ದದ್ದನ್ನ ನನಗ ಹೇಳೂ ಪಟ್ಟಿ."

"ಡಾಕ್ಟರ್ ಕಡೆ ಹೋಗೋ," ಎಂದೆ.

"ಹೋಗೂಣು," ಎಂದ. ಹಂಗಾಮು ಶುರುವಾಯಿತು, ಅವನು ಹೋಗಲಿಲ್ಲ.

ಪಟ್ಟಿಗಳು ಬಂದವು. ರಟ್ಟೆ ಅಲ್ಲಾಡಿದವನು ಕೂರಬೇಕು, ಕೂತವನನ್ನು ಯಾರೂ ಯಾಕೆ ಎಂದು ಕೇಳಬಾರದು ಎಂದು ಎರಡೂ ಭಾಷೆಯಲ್ಲಿ ಬರೆಸಿ ಪ್ರತಿ ಮಹಡಿಗೂ ತಗಡು ಹೊಡೆಸಿದೆವು. ಒಂದು ದಿನ ಬಾಯ್ಲರ್ ಮಹಡಿಯ ಪಂಪು ನೋಡಲು ಹೋಗಿದ್ದೆ. ದಸ್ತಗೀರ ಕೆಲಸ ಮಾಡುತ್ತಿದ್ದವನು ತಟ್ಟನೆ ತನ್ನ ರಟ್ಟೆ ನೋಡಿಕೊಂಡ. ಅದರ ಮೇಲೆ ಅಂಗೈ ಒತ್ತಿ ಹಾಗೇ ನಿಂತ, ಅಳುವ ಕೂಸಿನ ಬಾಯಿ ಮುಚ್ಚಿದ ಹಾಗೆ. ಮತ್ತೆ ನೋಡಿಕೊಂಡ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಓಡಿ ಹೋಗಿ ಹಿಡಿಯಬೇಕೆನ್ನಿಸಿತು. ಹೋದರೆ ಅವನ ಗುಟ್ಟು ನಾನೇ ಸಾರಿದಂತೆ. ಅಷ್ಟರಲ್ಲಿ ಅವನೇ ಮೆಟ್ಟಿಲ ಮೇಲೆ ಕೂತ.

ಕೂತದ್ದೇ ತಡ, ಮಹಡಿಯ ಮೇಲಿದ್ದವರೆಲ್ಲ ಬಂದು ಸುತ್ತುವರಿದರು. ಅದೇ ತಗಡಿನ ಕೆಳಗೆ ನಿಂತು ಎಲ್ಲರೂ ಕೇಳಿದರು.

"ಏನಾತು ಮಾಮಾ?"

"ಉಂಡಿಯಿಲ್ಲೋ?"

"ಎದಿ ಹಿಡಕೊಂಡಾನಲೇ, ನೀರ ತರ್ರಿ!"

ನಮ್ಮ ಜನಕ್ಕೆ ಕೇಳಬೇಡಿರೆಂದರೆ ಉಸಿರಾಡಬೇಡಿರೆಂದ ಹಾಗೆ. ಒಬ್ಬ ಟವೆಲಿನಿಂದ ಗಾಳಿ ಹಾಕಿದ, ಇನ್ನೊಬ್ಬ ಬೂಟಿನ ಲಾಡಿ ಬಿಚ್ಚಿದ. ನಾನು ಜೀಪು ಕಳಿಸಿರೆಂದು ಸಾಹೇಬರ ಆಫೀಸಿಗೆ ಫೋನು ಮಾಡಿದೆ. ದಸ್ತಗೀರ ನನ್ನನ್ನು ಮಾತ್ರ ನೋಡಿದ. ನಾನು ಬಾಯಿ ಬಿಡಲಿಲ್ಲ.

ಕೆಳಗಿನಿಂದ ಶಿಂಧೆ ಸಾಹೇಬರು ಏದುಸಿರು ಬಿಡುತ್ತ ಹತ್ತಿ ಬಂದರು. ಜನ ದಾರಿ ಬಿಟ್ಟರು. ಅವರು ದಸ್ತಗೀರನನ್ನು ನೋಡಿದರು. ಯಾಕೆ ಎಂಬುದು ಅವರ ನಾಲಿಗೆ ತುದಿಗೆ ಬಂದದ್ದು ಎಲ್ಲರಿಗೂ ಕಾಣುತ್ತಿತ್ತು. ಅವರು ಅದನ್ನು ನುಂಗಿದರು.

"ಜೀಪ್ ಬರಾಕತ್ತೇತಿ," ಎಂದರಷ್ಟೇ. "ಡಾಕ್ಟರ್ ಕಡೆ ಹೋಗ್ರಿ. ನಾ ಏನೂ ಕೇಳಂಗಿಲ್ಲ."

ದಸ್ತಗೀರ ತಲೆಯೆತ್ತಿದ. ಅಲ್ಲಿಯವರೆಗೆ ರಟ್ಟೆಯ ಪಟ್ಟಿಯನ್ನು ಮುಚ್ಚಿಕೊಂಡಿದ್ದ ಕೈ ತೆಗೆದ.

"ಕೇಳ್ರಿ ಸಾಹೇಬ್ರ," ಎಂದ. "ನಾನ ಹೇಳ್ತೇನಿ."

ಸಾಹೇಬರು ಆ ಮಸಿ ಮೆತ್ತಿದ ಮೆಟ್ಟಿಲ ಮೇಲೆ, ಇಸ್ತ್ರಿ ಪ್ಯಾಂಟಿನಲ್ಲೇ, ಅವನ ಪಕ್ಕಕ್ಕೆ ಕೂತರು.